ನಳಿಗೆಯೊಳಗೆ ಕಿತ್ತಳೆ ದಾರ

"ಸರ್, ಇವನು ಮೊದಲೇ ತುಂಟ. ಕೈಗೆ ಬಂದೂಕು ಕೊಟ್ರೆ ಇನ್ನೂ ಕೆಡಲ್ವಾ?"

ಮೈಸೂರಿನ ನಮ್ಮ ಪುಟ್ಟ ಶೂಟಿಂಗ್ ರೇಂಜಿಗೆ ಮಗನನ್ನು ಸೇರಿಸಲು ಬರುವ ತಾಯಂದಿರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ. ಅಪ್ಪಂದಿರು ಕೇಳುವುದು ಬೇರೆ: "ಲೈಸೆನ್ಸ್ ಬೇಕಾ?" ಹುಡುಗ ಇಬ್ಬರ ನಡುವಿನಿಂದ ಇಣುಕಿ, "ಇವತ್ತೇ ಹೊಡೀಬಹುದಾ?" ಅನ್ನುತ್ತಾನೆ. ನಾನು ಮೊದಲು ಅವನಿಗೆ ಉತ್ತರ ಕೊಡುತ್ತೇನೆ. ಇಲ್ಲ ಕಣೋ, ಇವತ್ತು ಹೊಡೆಯುವ ಹಾಗಿಲ್ಲ.

ಮೊದಲ ದಿನ ಮಗುವಿನ ಕೈಗೆ ಸಿಗುವುದು ರೈಫಲ್ ಅಲ್ಲ, ಒಂದು ದಾರ. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ. ಹಿಂದಿನಿಂದ ತೂರಿಸಿದರೆ ಅದರ ತುದಿ ನಳಿಗೆಯ ಬಾಯಿಂದ ಹೊರಗೆ ಕಾಣಬೇಕು. ಕಂಡರೆ ಒಳಗೆ ಪೆಲೆಟ್, ಅಂದರೆ ಏರ್ ರೈಫಲಿನ ಪುಟ್ಟ ಗುಂಡು, ಇಲ್ಲ ಎಂದು ದೂರದಲ್ಲಿ ನಿಂತವರಿಗೂ ಗೊತ್ತಾಗುತ್ತದೆ. ದೊಡ್ಡ ದೊಡ್ಡ ಅಂತಾರಾಷ್ಟ್ರೀಯ ಪಂದ್ಯಗಳಲ್ಲೂ ಇದು ಕಡ್ಡಾಯ. ದಾರ ಹಾಕು, ದಾರ ತೆಗೆ. ರೈಫಲನ್ನು ಮೇಜಿನ ಮೇಲೆ ಗುರಿಯ ಕಡೆಗೇ ಮುಖ ಮಾಡಿ ಇಡು. 'ಸ್ಟಾಪ್' ಅಂದ ತಕ್ಷಣ ಬೆರಳು ಹೊರಗೆ ತೆಗೆ. ಒಂದು ವಾರ ಇಷ್ಟೇ ಪಾಠ.

ಆಮೇಲೆ ಖಾಲಿ ಹೊಡೆತ. ನಳಿಗೆಯ ತುದಿಯಲ್ಲಿ ಒಂದು ರೂಪಾಯಿ ನಾಣ್ಯ ಇಡುತ್ತೇನೆ. ಪೆಲೆಟ್ ಇಲ್ಲದೆ ಟ್ರಿಗ್ಗರ್ ಒತ್ತಬೇಕು, ನಾಣ್ಯ ಬೀಳಬಾರದು. ಮೊದಮೊದಲು ನಾಣ್ಯ ಟಣ್ ಅಂತ ನೆಲಕ್ಕೆ ಬೀಳುತ್ತಲೇ ಇರುತ್ತದೆ. ಹದಿಮೂರು ವರ್ಷದ ಹುಡುಗಿಯೊಬ್ಬಳು ಸತತ ನಲವತ್ತು ಸಲ ಒತ್ತಿ ನಾಣ್ಯ ಉಳಿಸಿಕೊಂಡ ದಿನ, ಪಕ್ಕದ ಲೇನಿನ ಹುಡುಗರು ತಮ್ಮ ರೈಫಲ್ ಕೆಳಗಿಟ್ಟು, ದಾರ ಹಾಕಿ, ಆಮೇಲೆ ಚಪ್ಪಾಳೆ ತಟ್ಟಿದರು. ನನಗೆ ಖುಷಿಯಾಗಿದ್ದು ಆ 'ದಾರ ಹಾಕಿ' ಅನ್ನುವುದಕ್ಕೆ.

ಈಗ ತುಂಟನ ವಿಷಯ. ಹತ್ತು ಮೀಟರ್ ಏರ್ ರೈಫಲ್‌ನ ಗುರಿಯ ಇಡೀ ವೃತ್ತದ ಅಗಲ 45.5 ಮಿಲಿಮೀಟರ್. ಹೆಚ್ಚುಕಮ್ಮಿ ಬೆಂಕಿಪೊಟ್ಟಣದಷ್ಟು. ಅದರ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. ರೈಫಲ್ ತೂಕ 5.5 ಕಿಲೋವರೆಗೂ ಇರಬಹುದು. ಮೈಗೆ ರಟ್ಟಿನಂತೆ ಬಿಗಿಯುವ ಜಾಕೆಟ್. ಅರವತ್ತು ಹೊಡೆತಕ್ಕೆ 75 ನಿಮಿಷ, ಅಷ್ಟೂ ಹೊತ್ತು ನಿಂತೇ ಇರಬೇಕು. ತುಂಟರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿಲ್ಲ. ಸಿನಿಮಾ ನೋಡಿ ಬಂದವರು ಬೋರ್ ಅಂತ ತಿಂಗಳೊಳಗೆ ಬಿಟ್ಟು ಹೋಗುತ್ತಾರೆ. ಹೋಗಲಿ ಬಿಡಿ. ಒಮ್ಮೊಮ್ಮೆ ಉಳಿದುಕೊಳ್ಳುವವನು ಆ ತುಂಟನೇ.

ಒಲಿಂಪಿಕ್ಸ್ ಬಂದಾಗ ಮಾತ್ರ ಜನರ ಮನಸ್ಸು ಸ್ವಲ್ಪ ಬದಲಾಗುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ ಹಾಗಾಯಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದಾಗ ಇನ್ನೂ ಜಾಸ್ತಿ. ಆ ವಾರ ಯಾರೂ "ಕೆಡಲ್ವಾ?" ಅಂತ ಕೇಳಲಿಲ್ಲ. "ಎಷ್ಟು ವರ್ಷಕ್ಕೆ ಮೆಡಲ್ ಬರುತ್ತೆ?" ಅಂತ ಕೇಳಿದರು. ನಿಜ ಹೇಳಬೇಕೆಂದರೆ, ನನಗೆ ಮೊದಲಿನ ಪ್ರಶ್ನೆಯೇ ವಾಸಿ. ಹೆದರುವ ತಾಯಿಗೆ ರೇಂಜಿನಲ್ಲಿ ಒಂದು ಬೆಂಚು ಹಾಕಿ ಕೂರಿಸಿದರೆ ಸಾಕು, ಎರಡು ವಾರದಲ್ಲಿ ಭಯ ಇಳಿಯುತ್ತದೆ. ಮೆಡಲ್ ಆಸೆಗೆ ಮದ್ದಿಲ್ಲ.

ಲೈಸೆನ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಳಿಗೆಯ ಒಳ ಅಗಲ 4.5 ಮಿಲಿಮೀಟರ್ ಅಂದರೆ .177 ಬೋರ್, ಶಕ್ತಿ 20 ಜೂಲ್ ಮೀರದ ಏರ್ ಗನ್ ಆದರೆ ಬೇಡ. .22 ರೈಫಲ್, ಪಿಸ್ತೂಲು, ತೋಟಾ ಹಾಕುವ ಕೋವಿ ಎಲ್ಲಕ್ಕೂ ಬೇಕು, ಅದಕ್ಕೆ 21 ವರ್ಷ ತುಂಬಿರಬೇಕು. ಚಿಕ್ಕವರು ಹಿಡಿಯುವುದಿದ್ದರೆ ತರಬೇತಿಯ ವೇಳೆ, ನಿಯಮದ ಪ್ರಕಾರ, ದೊಡ್ಡವರ ಕಣ್ಣೆದುರಿಗೆ ಮಾತ್ರ. ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಆಟಿಕೆ ಅಲ್ಲ. "ಹಾಗಾದ್ರೆ ಒಂದು ತಗೊಂಡ್ರೆ ಕೋತಿ ಓಡಿಸೋಕೂ ಆಗುತ್ತಲ್ವಾ?" ಅಂದ ಒಬ್ಬ ಅಪ್ಪನಿಗೆ ನಾನು ಅರ್ಜಿಯನ್ನೇ ಕೊಡಲಿಲ್ಲ.

ಬಂದೂಕು ಹಕ್ಕಾ ಅಂತ ಕಾಲೇಜು ಹುಡುಗರು ಕೇಳುತ್ತಾರೆ. ಅಮೆರಿಕದ ವಿಡಿಯೋ ನೋಡಿರುತ್ತಾರೆ. ಅಲ್ಲಿ 1791ರಲ್ಲೇ ಅದನ್ನು ಸಂವಿಧಾನಕ್ಕೆ ಸೇರಿಸಿದರು. ನಮ್ಮಲ್ಲೂ ಆ ಮಾತು ಎದ್ದಿತ್ತು ಅಂದರೆ ಅವರಿಗೆ ಆಶ್ಚರ್ಯ. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ಆಯುಧ ಇಟ್ಟುಕೊಳ್ಳುವ ಹಕ್ಕು, ಕಟ್ಟುಪಾಡುಗಳ ಜೊತೆಗೇ, ಇತ್ತು. ಬ್ರಿಟಿಷರು ನಮ್ಮ ಕೈಯಿಂದ ಆಯುಧ ಕಿತ್ತುಕೊಂಡಿದ್ದರ ಸಿಟ್ಟು ಅದು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಅದನ್ನು ಸೇರಿಸಿ ಎಂದು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಹಾಗಾಗಿ ನಮ್ಮಲ್ಲಿ ಬಂದೂಕು ಹಕ್ಕಲ್ಲ, ಅನುಮತಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನೂ ಮೂರರಿಂದ ಎರಡಕ್ಕೆ ಇಳಿಸಿದರು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಜೈಲು ಎಂದೂ ಬರೆದರು. ನನ್ನ ಮಟ್ಟಿಗೆ ಇದು ಸರಿ. ಶೂಟಿಂಗ್ ಕಲಿಸುವವನು ಹೀಗೆ ಹೇಳಬಹುದಾ ಅಂತ ಕೆಲವು ಸ್ನೇಹಿತರಿಗೆ ಬೇಜಾರು.

ಆದರೆ ನಮ್ಮ ರೇಂಜಿನಿಂದ ಒಂದೆರಡು ತಾಸು ದೂರದಲ್ಲೇ ಲೆಕ್ಕ ಬೇರೆ ಇದೆ. ಕೊಡಗಿನಲ್ಲಿ ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಒಂದು ಜಿಲ್ಲೆಗೆ ಮಾತ್ರ ಏಕೆ ಅಂತ ಹೊರಗಿನವರು ಕೇಳುವುದು ತಪ್ಪಲ್ಲ. ನನಗೆ ಕುತೂಹಲ ಇರುವುದು ಆ ಮನೆಗಳ ಮಕ್ಕಳ ಬಗ್ಗೆ.

ಗೋಣಿಕೊಪ್ಪ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿರುವ ಒಬ್ಬ ಹುಡುಗ ನಮ್ಮಲ್ಲಿ ಕಲಿಯುತ್ತಾನೆ. ಮೊದಲ ದಿನ ಬೇರೆ ಮಕ್ಕಳು ರೈಫಲ್ ಸುತ್ತ ಮುತ್ತಿಕೊಂಡಿದ್ದರೆ ಇವನು ಗೋಡೆಗೆ ಒರಗಿ ನಿಂತಿದ್ದ. ಅವನಿಗೆ ಅದರಲ್ಲಿ ಬೆರಗೇ ಇರಲಿಲ್ಲ. ಮನೆಯಲ್ಲಿ ಮಗು ಹುಟ್ಟಿದರೂ ಗುಂಡು, ಸತ್ತರೂ ಗುಂಡು, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು. ಹೇಳದೆಯೇ ಬಾಯಿ ಕೆಳಗೆ ಮಾಡಿ ಹಿಡಿದ, ಬೆರಳು ಹೊರಗಿಟ್ಟ. ಆದರೆ ಹೊಡೆಯುವ ರೀತಿ ಬೇರೆ. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಕಲಿತವನು. ಕಂಡ ತಕ್ಷಣ ಟ್ರಿಗ್ಗರ್ ಎಳೆದುಬಿಡುತ್ತಾನೆ. ತೆಂಗಿನಕಾಯಿ ಬೀಳುತ್ತದೆ, ಅರ್ಧ ಮಿಲಿಮೀಟರ್ ಚುಕ್ಕೆ ಸಿಗುವುದಿಲ್ಲ. ಆ ಎಳೆತ ಬಿಡಿಸಲು ನನಗೆ ಏಳು ತಿಂಗಳು ಹಿಡಿಯಿತು. ಇಲ್ಲಿಗೆ ಬರುವ ಮೊದಲು ಬಂದೂಕನ್ನೇ ಮುಟ್ಟಿರದ ಆ ನಾಣ್ಯದ ಹುಡುಗಿ ಅಷ್ಟರಲ್ಲಿ ಅವನನ್ನು ದಾಟಿ ಹೋಗಿದ್ದಳು.

ಕಳೆದ ಸೆಪ್ಟೆಂಬರಿನಲ್ಲಿ ಅವನು ಕೈಲ್ ಪೊಳ್ದ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಆ ದಿನ ಕೋವಿಗಳನ್ನು ಒರೆಸಿ, ಪೂಜೆಗಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೆಂಪು ಹಳದಿ ದಳಗಳು ಬೆಂಕಿ ನಾಲಗೆಯ ಹಾಗೆ ಮೇಲಕ್ಕೆ ತಿರುಗಿರುವ ಹೂ. ತಾತ ಹೂ ಹಿಡಿದು ಬಗ್ಗಿದಾಗ ಇವನು, "ತಾತ, ಮೊದಲು ಮುರಿದು ನೋಡಿದ್ರಾ?" ಅಂತ ಕೇಳಿದನಂತೆ. ಜೋಡಿ ನಳಿಗೆ ಕೋವಿಯನ್ನು ನಡುವೆ ಬಾಗಿಸಿ ಒಳಗೆ ತೋಟಾ ಇಲ್ಲ ಅಂತ ನೋಡುವುದಕ್ಕೆ ಮುರಿಯುವುದು ಅನ್ನುತ್ತಾರೆ.

ವಾಪಸ್ ಬಂದ ಮೇಲೆ ಇದನ್ನು ಹೇಳಿದ. ನನಗೆ ಎದೆ ಉಬ್ಬಿತು. ಪಾಠ ನಾಟಿದೆ ಅಂದುಕೊಂಡೆ.

"ತಾತ ಏನಂದ್ರು?" ಎಂದೆ.

"ಬೈದ್ರು ಸರ್. ಮುರಿಯದೆ ಯಾವನಾದರೂ ಹೂ ಇಡ್ತಾನಾ, ಈ ಹೂ ಇಡೋದು ಯಾಕೆ ಅಂದ್ಕೊಂಡಿದ್ದೀಯಾ, ನಿಮ್ಮಪ್ಪನಿಗೆ ಇದನ್ನ ಬೆತ್ತ ಹಿಡಿದು ಕಲಿಸಿದ್ದೀನಿ ಅಂದ್ರು. ಆಮೇಲೆ ನಿಮ್ಮ ಕಿತ್ತಳೆ ದಾರ ಎಲ್ಲಿ ಸಿಗುತ್ತೆ ಅಂತ ಕೇಳಿದ್ರು."