ಪದ ಪರಿಚಯ: ಕಾರ್ಯಭಾರ

ಹೊಸ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಡಿಗ್ರಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಜಾಸ್ತಿ ಓಡಾಡುವ ಪದ ಇದು. 'ನಿಮಗೆಷ್ಟು ವರ್ಕ್‌ಲೋಡ್ ಬಂತು ಸರ್?' ಎಂದು ಒಬ್ಬರು ಕೇಳುತ್ತಾರೆ. 'ನಮ್ಮ ವಿಭಾಗದಲ್ಲಿ ಇಬ್ಬರಿಗಾಗುವಷ್ಟೂ ಇಲ್ಲ ಮೇಡಂ' ಎಂದು ಇನ್ನೊಬ್ಬರು ತಲೆ ಕೆಡಿಸಿಕೊಂಡಿರುತ್ತಾರೆ. ಮಾತಿನಲ್ಲಿ ವರ್ಕ್‌ಲೋಡ್, ಇಲಾಖೆಯ ಪತ್ರದಲ್ಲಿ ಕಾರ್ಯಭಾರ. ಒಬ್ಬ ಉಪನ್ಯಾಸಕರು ವಾರಕ್ಕೆ ಎಷ್ಟು ಗಂಟೆ ಪಾಠ ಮಾಡಬೇಕು ಅನ್ನುವ ಲೆಕ್ಕ ಅದು.

ಈ ಲೆಕ್ಕಕ್ಕೆ ಆಧಾರ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ. ಅದರ 2018ರ ನಿಯಮಾವಳಿಯಂತೆ ಪೂರ್ಣಾವಧಿ ಅಧ್ಯಾಪಕರ ಕೆಲಸ ವಾರಕ್ಕೆ 40 ಗಂಟೆಗಿಂತ ಕಡಿಮೆ ಇರಬಾರದು. ವರ್ಷಕ್ಕೆ 30 ವಾರ, ಅಂದರೆ 180 ಬೋಧನಾ ದಿನ. ಇದರಲ್ಲಿ ನೇರ ಪಾಠ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ಹೊರಗಿನವರು ಈ 16 ಒಂದನ್ನೇ ಹಿಡಿದು 'ದಿನಕ್ಕೆ ಮೂರು ಗಂಟೆ ಕೆಲಸ, ಆರಾಮ' ಅನ್ನುವುದುಂಟು. ಉಳಿದ 24 ಗಂಟೆ ಎಲ್ಲಿಗೆ ಹೋಗುತ್ತದೆ?

ಹೋಗಬೇಕಾದದ್ದು ಓದಿಗೆ, ಪಾಠದ ತಯಾರಿಗೆ, ಉತ್ತರ ಪತ್ರಿಕೆ ತಿದ್ದುವುದಕ್ಕೆ, ವಿದ್ಯಾರ್ಥಿಗಳ ಜೊತೆ ಕೂತು ಮಾತಾಡುವುದಕ್ಕೆ. ಹೋಗುವುದು ಬೇರೆಯದಕ್ಕೆ. ಅಡ್ಮಿಷನ್ ಕೆಲಸ, ಸ್ಕಾಲರ್‌ಶಿಪ್ ಅರ್ಜಿ, ಯುಯುಸಿಎಂಎಸ್ ಎಂಬ ವಿಶ್ವವಿದ್ಯಾಲಯ-ಕಾಲೇಜುಗಳ ಆನ್‌ಲೈನ್ ಪೋರ್ಟಲ್‌ನಲ್ಲಿ ಇಂಟರ್ನಲ್ ಅಂಕ ತುಂಬುವುದು, ಎನ್ಎಸ್ಎಸ್, ಪರೀಕ್ಷಾ ಡ್ಯೂಟಿ, ಚುನಾವಣೆ ಬಂದರೆ ಅದೂ. ಕಚೇರಿಯಲ್ಲಿ ಎಸ್‌ಡಿಎ ಹುದ್ದೆ ಖಾಲಿ ಇದ್ದರೆ ಆ ಫೈಲುಗಳೂ ಮೆಲ್ಲಗೆ ಉಪನ್ಯಾಸಕರ ಟೇಬಲ್ಲಿಗೆ ಬಂದು ಕೂರುತ್ತವೆ. ನ್ಯಾಕ್ ತಂಡ ಬರುವ ವರ್ಷವಂತೂ ಕೇಳುವುದೇ ಬೇಡ. 1994ರಲ್ಲಿ ಶುರುವಾದ, ಬೆಂಗಳೂರಿನಲ್ಲೇ ಇರುವ ಈ ಸಂಸ್ಥೆಯ ಕೆಲಸ ಕಾಲೇಜುಗಳ ಗುಣಮಟ್ಟ ಅಳೆಯುವುದು. ಪಾಠ ಚೆನ್ನಾಗಿ ನಡೆಯುತ್ತಿದೆ ಎಂದು ಕಾಗದದಲ್ಲಿ ತೋರಿಸುವುದಕ್ಕೆ ಪಾಠದ ತಯಾರಿಯ ಹೊತ್ತೇ ಖರ್ಚಾಗುತ್ತದೆ. ನಗಬೇಕೋ ಅಳಬೇಕೋ ನೀವೇ ಹೇಳಿ.

ಪಾಠದ 16 ಗಂಟೆಯೂ ಎಲ್ಲರಿಗೂ ಒಂದೇ ಅಲ್ಲ. ಒಬ್ಬರು ಒಂದೇ ಪತ್ರಿಕೆಯನ್ನು (ಪೇಪರ್, ಅಂದರೆ ಸೆಮಿಸ್ಟರಿನ ಒಂದು ಪಾಠವಿಷಯ) ನಾಲ್ಕು ಸೆಕ್ಷನ್‌ಗೆ ಹೇಳುತ್ತಾರೆ. ಇನ್ನೊಬ್ಬರು ನಾಲ್ಕು ಬೇರೆ ಬೇರೆ ಪತ್ರಿಕೆ ತಗೊಳ್ಳುತ್ತಾರೆ. ವೇಳಾಪಟ್ಟಿಯಲ್ಲಿ ಇಬ್ಬರೂ ಸಮ. ತಯಾರಿ ಮಾತ್ರ ಎರಡನೆಯವರಿಗೆ ನಾಲ್ಕು ಪಟ್ಟು. ಬಿಕಾಂ ತರಗತಿಯಲ್ಲಿ ನೂರು ಮಕ್ಕಳು, ಐಚ್ಛಿಕ ಕನ್ನಡದಲ್ಲಿ ಹತ್ತು ಜನ ಇದ್ದರೂ ಗಂಟೆ ಗಂಟೆಯೇ. ತಿದ್ದುವ ಅಸೈನ್‌ಮೆಂಟಿನ ಕಟ್ಟು ಈ ಲೆಕ್ಕಕ್ಕೆ ಬರುವುದಿಲ್ಲ.

ಕೆಲಸ ಜಾಸ್ತಿಯಾದ ಮಾತ್ರಕ್ಕೆ ಕೆಲಸ ಕೆಡುತ್ತದೆಯೇ? ಅಷ್ಟು ಸರಳ ಇಲ್ಲ. ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞ 1979ರಲ್ಲಿ ಸ್ವೀಡನ್ ಮತ್ತು ಅಮೆರಿಕದ ಕೆಲಸಗಾರರ ಮಾಹಿತಿ ಇಟ್ಟುಕೊಂಡು ಒಂದು ವಿವರಣೆ ಕೊಟ್ಟರು. ಕೆಲಸದ ಒತ್ತಡ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಕಡಿಮೆ ಇದ್ದಾಗ ಮನುಷ್ಯ ಹೆಚ್ಚು ಬಳಲುತ್ತಾನೆ. ಒತ್ತಡವಿದ್ದರೂ ಹಿಡಿತ ಕೈಯಲ್ಲಿದ್ದರೆ ಅದೇ ಕೆಲಸ ಅವನನ್ನು ಬೆಳೆಸಬಹುದು. ಸ್ಟಾಫ್ ರೂಮಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ತಾನೇ ಆರಿಸಿಕೊಂಡ ಪತ್ರಿಕೆಗಾದರೆ 18 ಗಂಟೆ ಪಾಠ ಮಾಡಿ ನಗುತ್ತಾ ಬರುವವರಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಬಂದ 'ಇವತ್ತು ಸಂಜೆಯೊಳಗೆ ಮಾಹಿತಿ ಕೊಡಿ' ಎಂಬ ಒಂದು ಸಾಲಿಗೆ ಇಡೀ ದಿನ ಹಾಳು ಮಾಡಿಕೊಳ್ಳುವವರೂ ಅವರೇ. ನನ್ನ ಪ್ರಕಾರ ಉಪನ್ಯಾಸಕರ ಕೆಲಸದ ಗುಣಮಟ್ಟವನ್ನು ತಗ್ಗಿಸುವುದು ಪಾಠದ ಗಂಟೆಗಳಿಗಿಂತ ಈ ಅನಿಶ್ಚಿತತೆ.

ಆ ಅನಿಶ್ಚಿತತೆಯನ್ನು ಸಿಲಬಸ್ ಬದಲಾವಣೆ ಇನ್ನೂ ಹೆಚ್ಚಿಸಿತು. ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿಗೂ ಅವಕಾಶವಿದ್ದ ರಾಷ್ಟ್ರೀಯ ಶಿಕ್ಷಣ ನೀತಿ 2021-22ರಲ್ಲಿ ಜಾರಿಯಾಯಿತು. 2024-25ಕ್ಕೆ ಮತ್ತೆ ಮೂರು ವರ್ಷದ ಪದವಿ ಬಂತು. ಪತ್ರಿಕೆಗಳ ಸಂಖ್ಯೆ, ವಾರದ ಗಂಟೆ ಬದಲಾದಾಗಲೆಲ್ಲ ಯಾವ ವಿಭಾಗಕ್ಕೆ ಎಷ್ಟು ಜನ ಬೇಕು ಅನ್ನುವುದೂ ಬದಲಾಗುತ್ತದೆ.

ಇದರ ಪೆಟ್ಟು ನೇರವಾಗಿ ಬೀಳುವುದು ಅತಿಥಿ ಉಪನ್ಯಾಸಕರ ಮೇಲೆ. ಕಾಯಂ ಉಪನ್ಯಾಸಕರಿಗೆ ಹಂಚಿ ಉಳಿದ ಗಂಟೆಗಳೇ ಅವರ ನೌಕರಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅವರ ವಾರದ ಪಾಠವನ್ನು 2022ರ ಜನವರಿಯಲ್ಲಿ 15 ಗಂಟೆಗೆ ಏರಿಸಿ, ಅರ್ಹತೆ ಮತ್ತು ಅನುಭವ ನೋಡಿ ಗೌರವಧನವನ್ನೂ ಹೆಚ್ಚಿಸಿ, ತಿಂಗಳಿಗೆ ಕನಿಷ್ಠ 26,000, ಗರಿಷ್ಠ 32,000 ರೂಪಾಯಿ ಮಾಡಲಾಯಿತು. ಹಣ ಹೆಚ್ಚಿದ್ದು ನಿಜ, ಆದರೆ ತಲೆಗೆ ಗಂಟೆ ಜಾಸ್ತಿಯಾದರೆ ಅಷ್ಟೇ ಪಾಠಕ್ಕೆ ಬೇಕಾಗುವ ಜನ ಕಡಿಮೆ ಅಲ್ವಾ? ಒಂದು ಸೆಕ್ಷನ್ ಮುಚ್ಚಿದರೆ ಕಾಯಂ ಇರುವವರಿಗೆ ಉಸಿರಾಡಲು ಬಿಡುವು. ಅತಿಥಿಗೆ ಮುಂದಿನ ತಿಂಗಳ ಬಾಡಿಗೆಯ ಚಿಂತೆ. ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೂ ಅಷ್ಟೇ. ಹೀಗಾಗಿ ಒಂದೇ ರೂಮಿನಲ್ಲಿ ಒಬ್ಬರು ಕಾರ್ಯಭಾರ ಇಳಿಯಲಿ ಅಂತ, ಪಕ್ಕದವರು ಇಳಿಯದಿರಲಿ ಅಂತ ಕಾಯುತ್ತಿರುತ್ತಾರೆ.

ಹುದ್ದೆ ತುಂಬುವುದು ಪ್ರಿನ್ಸಿಪಾಲರ ಕೈಯಲ್ಲಿಲ್ಲ. ಆದರೆ ವೇಳಾಪಟ್ಟಿಯನ್ನು ಮೊದಲೇ ಕೊಡುವುದು, ಒಬ್ಬರಿಗೇ ನಾಲ್ಕು ಹೊಸ ಪತ್ರಿಕೆ ಬೀಳದಂತೆ ನೋಡಿಕೊಳ್ಳುವುದು, ಎಲ್ಲ ಸಮಿತಿಗಳಿಗೂ ಕಂಪ್ಯೂಟರ್ ಬರುವ ಅದೇ ಇಬ್ಬರು ಕಿರಿಯರನ್ನು ಹಾಕದಿರುವುದು ಅವರ ಕೈಯಲ್ಲೇ ಇದೆ.