ಬೆನ್ನ ಮೇಲಿನ ನೇರಳೆ ಬಿಲ್ಲೆಗಳು

ಅಡಿಕೆ ಕೊಯ್ಲು ಶುರುವಾಯಿತು ಅಂದರೆ ಶಿರಸಿಯ ನನ್ನ ಫಿಸಿಯೋಥೆರಪಿ ಕೋಣೆಗೆ ಹೆಗಲು, ಕುತ್ತಿಗೆ ನೋವಿನವರೇ ಜಾಸ್ತಿ ಬರುತ್ತಾರೆ. ಮೆಟ್ಟುಗತ್ತಿ ಮುಂದೆ ರಾತ್ರಿವರೆಗೂ ಕೂತು ಅಡಿಕೆ ಸುಲಿಯುವ ಹೆಂಗಸರು, ಮರದಿಂದ ಮರಕ್ಕೆ ದಾಟಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು. ಈಗೀಗ ಬಂದವರೇ ಕಪ್ಪಿಂಗ್ ಮಾಡಿ ಅನ್ನುತ್ತಾರೆ, ಅಂದರೆ ಚರ್ಮದ ಮೇಲೆ ಸಣ್ಣ ಕಪ್ ಕೂರಿಸಿ ಒಳಗಿನ ಗಾಳಿ ಎಳೆಯುವುದು. ಅದರಿಂದ ಕೆಟ್ಟ ರಕ್ತ ಹೋಗಿ ಸ್ನಾಯುವಿಗೆ ರಕ್ತ, ಆಮ್ಲಜನಕ ಜಾಸ್ತಿ ಸಿಗುತ್ತದೆ ಅಂತ ಅವರ ನಂಬಿಕೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಮೈಮೇಲೆ ಕಂಡ ದುಂಡು ಗುರುತುಗಳು ಮೊಬೈಲ್ ಹಿಡಿದು ತೋಟದವರೆಗೂ ಬಂದಿವೆ.

ಕಪ್ ತೆಗೆದು ಬೆನ್ನಿನ ಫೋಟೋ ತೋರಿಸಿದರೆ ಪ್ರಶ್ನೆ ಒಂದೇ: "ಕೆಟ್ಟ ರಕ್ತ ಎಲ್ಲಾ ಮೇಲೆ ಬಂತ್ರಾ ಮೇಡಂ?"

ಇಲ್ಲ. ಅದು ಒಳ್ಳೆ ರಕ್ತವೇ. ಪಂಪಿನಿಂದ ಗಾಳಿ ಎಳೆದಾಗ ಕಪ್ ಒಳಗೆ ಒತ್ತಡ ಇಳಿಯುತ್ತದೆ. ಚರ್ಮ ಉಬ್ಬುತ್ತದೆ, ಕೂದಲಿಗಿಂತ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಕೆಲವು ಒಡೆದು ರಕ್ತ ಚರ್ಮದಡಿ ಸೋರುತ್ತದೆ. ಬಿದ್ದು ಪೆಟ್ಟಾದಾಗ ಕಂದುವ ಹಾಗೆಯೇ ಇದೂ. ಹಸಿರಾಗಿ, ಹಳದಿಯಾಗಿ, ವಾರ ಹತ್ತು ದಿನದಲ್ಲಿ ಹೋಗುತ್ತದೆ. ಗುರುತು ಕಪ್ಪಾದಷ್ಟೂ ರೋಗ ಜಾಸ್ತಿ ಇತ್ತು ಅನ್ನುವವರಿದ್ದಾರೆ. ಎಳೆತ ಜಾಸ್ತಿ ಇತ್ತು ಅಂತ ಅರ್ಥ, ಅಷ್ಟೇ.

ಹಾಗಾದರೆ ಸ್ನಾಯುವಿಗೆ ರಕ್ತ ಸಿಕ್ಕಿತಾ? ತೋಟದವರಿಗೆ ನಾನು ಕಾದಿಗೆ, ಅಂದರೆ ತೋಟದ ನೀರುಗಾಲುವೆ, ನೆನಪಿಸುತ್ತೇನೆ. ಕಾದಿಗೆಯಲ್ಲಿ ನೀರು ತುಂಬಿ ನಿಲ್ಲುವುದೇ ಬೇರೆ, ಹರಿಯುವುದೇ ಬೇರೆ ಅಲ್ವಾ? ಕಪ್ ಕೂತಿರುವಾಗ ಆಗುವುದು ಮುಖ್ಯವಾಗಿ ತುಂಬುವ ಕೆಲಸ. ಅಂಚು ಒತ್ತುವ ಕಡೆಯಂತೂ ಹರಿವು ಕಡಿಮೆಯೇ ಆಗುತ್ತದೆ. ಕಪ್ ತೆಗೆದ ಮೇಲೆ, ಕಟ್ಟು ಬಿಚ್ಚಿದ ಹಾಗೆ, ಸ್ವಲ್ಪ ಹೊತ್ತು ಹರಿವು ಏರುತ್ತದೆ. ಕಪ್ ತೆಗೆದ ಮೇಲೆ ಆ ಜಾಗ ಬಿಸಿಯಾಯಿತು ಅಂತ ಬಂದವರು ಹೇಳುವುದು ಇದಕ್ಕೇ.

ಆಮ್ಲಜನಕದ ಲೆಕ್ಕವೂ ಹೀಗೆಯೇ. ಚರ್ಮದ ಮೇಲಿಂದ ಇನ್ಫ್ರಾರೆಡ್ ಬೆಳಕು ಬಿಟ್ಟು ಅಳೆದಾಗ ಆ ಜಾಗದಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಏರಿದ್ದು ಕಂಡಿದೆ. ಆದರೆ ಒಟ್ಟು ಹಿಮೋಗ್ಲೋಬಿನ್ನೂ ಏರಿರುತ್ತದೆ, ಅಂದರೆ ರಕ್ತವೇ ಜಾಸ್ತಿ ಸೇರಿದೆ. ಆ ಬೆಳಕು ಇಳಿಯುವುದೂ ಒಂದೆರಡು ಸೆಂಟಿಮೀಟರ್ ಆಳಕ್ಕೆ ಮಾತ್ರ. ಕೊರೊನಾ ಕಾಲದ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬೆರಳಿಗೆ ಹಾಕಿ ನೋಡಿ. ಕಪ್ಪಿಂಗ್‌ಗೆ ಮೊದಲು 98 ಇದ್ದರೆ ಆಮೇಲೂ ಹೆಚ್ಚುಕಡಿಮೆ ಅಷ್ಟೇ.

ಸುಲಿಯಲು ಕೂತಾಗ ಹೆಗಲಿನ ಸ್ನಾಯು ಗಂಟೆಗಟ್ಟಲೆ ಬಿಗಿದೇ ಇರುತ್ತದೆ. ಬಿಗಿದ ಸ್ನಾಯು ತನ್ನೊಳಗಿನ ನಾಳಗಳನ್ನು ತಾನೇ ಹಿಂಡಿಕೊಳ್ಳುತ್ತದೆ. ಅದಕ್ಕೆ ಮದ್ದು ಚಲನೆ. ಸುಮ್ನೆ ಇದ್ದಾಗ 100 ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಮೂರು ನಾಲ್ಕು ಮಿಲಿಲೀಟರ್ ರಕ್ತ ಸಾಕು. ಜೋರಾಗಿ ದುಡಿಯುವಾಗ ಅದು ಇಪ್ಪತ್ತು ಪಟ್ಟಿಗೂ ಮೀರಬಹುದು. ಯಾವ ಕಪ್ಪೂ ಅದರ ಹತ್ತಿರ ಬರುವುದಿಲ್ಲ.

ಹಾಗಂತ ನಾನು ಕಪ್ ಎಸೆದಿಲ್ಲ. ಕೆಲವರಿಗೆ ನೋವು ಒಂದೆರಡು ದಿನ ತಗ್ಗುತ್ತದೆ. ಆಗ ಕೈ ಎತ್ತಿಸುವುದು ಸುಲಭ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ, ಗಾಯ ಇರುವ ಕಡೆ, ಉಬ್ಬಿದ ರಕ್ತನಾಳದ ಮೇಲೆ ಹಾಕುವುದೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೂ ಇಲ್ಲ. ಉಳಿದವರಿಗೆ ಐದರಿಂದ ಹತ್ತು ನಿಮಿಷ, ಆಮೇಲೆ ಹೆಗಲಿನ ವ್ಯಾಯಾಮ. ಕಳೆದ ವಾರ ಒಬ್ಬರು ಅಕ್ಕ ವ್ಯಾಯಾಮ ಮುಗಿಸಿ, "ಇವತ್ತು ಕಪ್ ಇಲ್ವಾ?" ಅಂದರು. ಕೈ ಆಗಲೇ ಕಿವಿ ದಾಟಿ ಮೇಲೆ ಹೋಗುತ್ತಿತ್ತು.