ಮಗನ ಶೂ ನಂಬರ್ ಎಷ್ಟು?

ಗುಬ್ಬಿ ಕಡೆಯ ಒಬ್ಬ ತಂದೆ. ಕೊಬ್ಬರಿ ವ್ಯಾಪಾರ. ಹೆಂಡತಿ ಮಗನನ್ನು ಕರೆದುಕೊಂಡು ತುಮಕೂರಿನ ತವರಿಗೆ ಬಂದು ಎಂಟು ತಿಂಗಳಾಗಿತ್ತು. ನನ್ನ ವಕೀಲಿ ಆಫೀಸಿಗೆ ಬಂದು ಕೂತವರೇ ಕೇಳಿದರು: "ಸರ್, ಮಗನಿಗೆ ಐದು ತುಂಬಿತು. ಇನ್ನು ಅವನು ನನ್ನವನೇ ಅಲ್ವಾ? ಯಾವತ್ತು ಕರ್ಕೊಂಡು ಬರ್ಲಿ?"

ತಿಂಗಳಿಗೆ ಒಬ್ಬರಾದರೂ ಹೀಗೆ ಕೇಳುತ್ತಾರೆ. ಇದರ ಬೇರು ಹಿಂದೂಗಳಿಗೆ ಅನ್ವಯಿಸುವ 1956ರ ಅಪ್ರಾಪ್ತರ ಪೋಷಕತ್ವ ಕಾಯ್ದೆಯ 6ನೇ ಕಲಂನಲ್ಲಿದೆ. ಸಹಜ ಪೋಷಕ ತಂದೆ, ಅವನ ನಂತರ ತಾಯಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ ಅದು. ಜನ ಇದನ್ನು ತಿರುಗಿಸಿ, ಐದು ತುಂಬಿದ ದಿನ ಮಗು ಅಪ್ಪನಿಗೆ ಅಂತ ಓದಿಕೊಳ್ಳುತ್ತಾರೆ. ಅದೇ ಕಾಯ್ದೆಯ 13ನೇ ಕಲಂ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲಕ್ಕಿಂತ ಮೇಲೆ ಮಗುವಿನ ಹಿತ ಎಂದು ಅಲ್ಲಿ ಬರೆದಿದೆ. 'ನಂತರ' ಅಂದರೆ ತಂದೆ ಸತ್ತ ಮೇಲೆ ಅಂತಲೇ ಅಲ್ಲ ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ಹಾಗಂತ ಕೋರ್ಟ್ ಕಣ್ಣು ಮುಚ್ಚಿ ತಾಯಿಗೇ ಕೊಡುತ್ತದೆ ಅನ್ನೋದೂ ಕಟ್ಟೆ ಮಾತು. ಮಗುವನ್ನು ದಿನಾ ನೋಡಿಕೊಂಡ ಅಪ್ಪನಿಗೆ ಸುಪರ್ದಿ, ಅಂದರೆ ಮಗುವನ್ನು ಜೊತೆಗಿಟ್ಟುಕೊಳ್ಳುವ ಹಕ್ಕು, ಸಿಕ್ಕಿದ್ದುಂಟು.

ನಾನು ಅವರನ್ನು ಕೇಳಿದೆ, ಮಗ ಎಷ್ಟನೇ ಕ್ಲಾಸು? "ಯುಕೆಜಿ ಇರ್ಬೇಕು." ಈ 'ಇರ್ಬೇಕು' ಕೇಸನ್ನು ಅರ್ಧ ಮುಳುಗಿಸುತ್ತದೆ. ಮಾವನ ಮನೆ ಮೇಲಿನ ಸಿಟ್ಟಿಗೆ ಒಂದು ಫೋನೂ ಮಾಡಿರಲಿಲ್ಲ. ದುಡ್ಡೂ ನಿಲ್ಲಿಸಿದ್ದರು. ಮಗನನ್ನ ತೋರಿಸ್ಲಿ, ಕೊಡ್ತೀನಿ ಅನ್ನೋ ಹಟ. ಭೇಟಿಯೇ ಬೇರೆ, ಜೀವನಾಂಶವೇ ಬೇರೆ. ದುಡ್ಡು ನಿಲ್ಲಿಸಿದರೆ ಪೆಟ್ಟು ಬೀಳೋದು ನಿಮಗೇ. ಸ್ಕೂಲ್ ಗೇಟಿನಿಂದ ಹೇಳದೆ ಕೇಳದೆ ಎತ್ತಿಕೊಂಡು ಬಂದರಂತೂ ಮುಗೀತು.

1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಅರ್ಜಿ ಹಾಕಿದೆವು. ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಆ ವ್ಯಾಪ್ತಿಯ ಕೋರ್ಟಿನಲ್ಲಿ ಹಾಕಬೇಕು, ಅಪ್ಪನಿಗೆ ಅನುಕೂಲವಾದ ಊರಲ್ಲಲ್ಲ. ಜೊತೆಗೇ ಅದೇ ಕಾಯ್ದೆಯ 12ನೇ ಕಲಂ ಕೆಳಗೆ ಮಧ್ಯಂತರ ಅರ್ಜಿ, ಅಂದರೆ ಕೇಸು ಮುಗಿಯುವ ತನಕದ ತಾತ್ಕಾಲಿಕ ಆದೇಶಕ್ಕೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಮೂಲ ಕೇಸು ವರ್ಷಗಟ್ಟಲೆ ಎಳೆದರೂ ಮಗು ಬೆಳೆಯುತ್ತಲೇ ಇರುತ್ತದೆ. ಭಾನುವಾರದ ಭೇಟಿ, ದಸರಾ ರಜೆಯಲ್ಲಿ ಅರ್ಧ, ಸಂಜೆ ವೀಡಿಯೊ ಕಾಲ್, ಎಲ್ಲವನ್ನೂ ಗಂಟೆ ಸಮೇತ ಬರೆದು ಕೇಳಿ. ಯಶಿತಾ ಸಾಹು ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್, ಮಗುವಿಗೆ ಇಬ್ಬರ ಪ್ರೀತಿಯೂ ಬೇಕು, ಭೇಟಿ ಆಗದಿದ್ದರೆ ಫೋನ್, ವೀಡಿಯೊ ಕಾಲ್ ಆದರೂ ಇರಲಿ ಎಂದಿದೆ.

ಮಧ್ಯಸ್ಥಿಕೆಯಲ್ಲಿ ತಿಂಗಳಿಗೆ ಎರಡು ಭಾನುವಾರ, ಹತ್ತರಿಂದ ಐದು ಅಂತ ಒಪ್ಪಂದವಾಯಿತು. ಮೊದಲ ಭೇಟಿ ಅಮಾನಿಕೆರೆ ಪಾರ್ಕಿನಲ್ಲಿ. ಅಪ್ಪ ಲೈಟ್ ಹತ್ತೋ ಶೂ ತಂದಿದ್ದರು. ಹುಡುಗ ಬೆರಳು ಮಡಚಿ, ಹಿಮ್ಮಡಿ ಹೊರಗೇ ಬಿಟ್ಟು ನಿಂತ. ಹೋದ ವರ್ಷದ ಅಳತೆ! "ಈಗ ಹನ್ನೊಂದು ನಂಬರ್" ಎಂದರು ತಾಯಿ, ಬೆಂಚಿನಿಂದ ಏಳದೆ. ಇವರು ಮೊಬೈಲಲ್ಲಿ ಬರೆದುಕೊಂಡರು.

ಮುಂದಿನ ವಾಯಿದೆಗೆ ಬಂದಾಗ ಕೇಳಿದರು: "ಹತ್ತು ಗಂಟೆ ಬದಲು ಒಂಬತ್ತಕ್ಕೇ ಹೋಗಿ ನಿಂತ್ರೆ ತಪ್ಪಾಗುತ್ತಾ ಸರ್?" ಧಾರಾಳವಾಗಿ ಹೋಗಿ ಕಾಯಿರಿ, ಸಂಜೆ ಐದಕ್ಕೆ ಬಿಡೋದು ಮಾತ್ರ ಒಂದು ನಿಮಿಷವೂ ತಡ ಮಾಡಬೇಡಿ ಎಂದೆ.